ಒಂದೇ ಸಲ ಕೇಳಿದ ಹಾಡು

ನನ್ನ ಮದುವೆಯ ಕಾರ್ಡಿನ ಮೇಲೆ ಗಣಪತಿ ಇರಲಿಲ್ಲ, ತಂಬೂರಿ ಇತ್ತು. ಕಾರ್ಡು ಬರೆದವನೂ ನಾನೇ, ಸ್ಕ್ರೀನ್ ಎಳೆದು ಮುದ್ರಿಸಿದವನೂ ನಾನೇ. ಕೆನೆ ಬಣ್ಣದ ದಪ್ಪ ಕಾಗದ. ಎಡಕ್ಕೆ ಉದ್ದಕ್ಕೂ ಒಂದು ತಂಬೂರಿ. ಅದರ ತಂತಿಗಳು ಮೇಲಿನಿಂದ ಇಳಿದು ಬಂದು, ಬಲಕ್ಕೆ ಬಾಗಿ, ನಮ್ಮಿಬ್ಬರ ಹೆಸರಿನ ಅಕ್ಷರಗಳಾಗುತ್ತಿದ್ದವು. ಅಂಥ ಕೆಲಸವನ್ನು ಚಿಕ್ಕೋಡಿಯಲ್ಲಿ ಆವರೆಗೆ ಯಾರೂ ಮಾಡಿರಲಿಲ್ಲ. ಅಪ್ಪ ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ, "ಇದೇನ್ ಲಗ್ನದ ಕಾರ್ಡೋ, ಗಾಯನದ ಕಾರ್ಡೋ?" ಎಂದ. ಕಲೆ ಗೊತ್ತಿಲ್ಲದವರ ಜೊತೆ ಏನು ಮಾತು ಎಂದುಕೊಂಡು ನಾನು ಮುಂದಿನ ಕಾರ್ಡನ್ನು ಒಣಗಲು ಹಾಕಿದೆ.

ಮದುವೆಯ ದಿನ ಕಾಗವಾಡದಿಂದ ಅಪ್ಪನ ಪರಿಚಯದವರು ಒಂದು ಟೆಂಪೊ ತುಂಬ ಬಂದರು. ಅಕ್ಕಿಕಾಳು ಹಾಕಿದರು, ಉಂಡರು, ಎಲೆ ಅಡಿಕೆ ಹಾಕಿಕೊಂಡು ಚಪ್ಪರದ ಜಮಖಾನೆಯ ಮೇಲೆ ಕೂತರು. ಕೂತವರು ಏಳಲೇ ಇಲ್ಲ. ಉಳಿದ ಬೀಗರೆಲ್ಲ ಹೋದರು, ಪಾತ್ರೆ ತೊಳೆಯುವವರು ಬಂದರು, ಇವರು ಇದ್ದಲ್ಲೇ ಇದ್ದರು. ಕೊನೆಗೆ ಅವರಲ್ಲಿ ಹಿರಿಯರೊಬ್ಬರು ನನ್ನನ್ನೇ ಕರೆದು ಕೇಳಿದರು.

"ಯಾವಾಗ ಸುರು ಆಗ್ತೈತ್ರಿ?"

"ಏನ್ರಿ?"

"ಗಾಯನ. ಕಾರ್ಡಿನ್ಯಾಗ ತಂಬೂರಿ ಹಾಕೀರಲ್ಲ."

ಅವರ ತಪ್ಪೂ ಅಲ್ಲ. ನಮ್ಮ ಗಡಿ ಭಾಗದಲ್ಲಿ ಎಷ್ಟೋ ಮಂದಿ ಮನೆಯಲ್ಲಿ ಮಾತಾಡುವುದು ಕನ್ನಡ, ಶಾಲೆಯಲ್ಲಿ ಕಲಿತದ್ದು ಮರಾಠಿ. ಕನ್ನಡ ಅಕ್ಷರ ಓದಲು ಬಾರದು. ಅದಕ್ಕೇ ತಿಳಿದವರು ಲಗ್ನದ ಕಾರ್ಡನ್ನು ಒಂದು ಮಗ್ಗುಲು ಕನ್ನಡದಲ್ಲಿ, ಇನ್ನೊಂದು ಮಗ್ಗುಲು ಮರಾಠಿಯಲ್ಲಿ ಮಾಡಿಸುತ್ತಾರೆ. ಎರಡೂ ಹಾಕಿದರೆ ನನ್ನ ತಂತಿಗಳ ಓಟ ಕೆಡುತ್ತದೆಂದು ನಾನು ಕನ್ನಡ ಒಂದನ್ನೇ ಹಾಕಿದ್ದೆ. ಅವರು ಚಿತ್ರ ನೋಡಿದ್ದರು, ತಾರೀಖು ನೋಡಿದ್ದರು, ಲಗ್ನದ ಜೊತೆ ದೊಡ್ಡ ಗಾಯನವೂ ಇದೆಯೆಂದು ನಂಬಿ ಬಂದಿದ್ದರು. ಗಾಯನ ಇಲ್ಲವೆಂದು ತಿಳಿದಾಗ ಅವರ ಮುಖ ನೋಡಬೇಕಿತ್ತು. ಊಟ ಹಾಕಿಯೂ ಮೋಸ ಮಾಡಿದವನ ಹಾಗೆ ನಾನು ನಿಂತಿದ್ದೆ.

ಅವರನ್ನು ನೆನೆದರೆ ನನಗೆ ಈಗ ನಗು ಬರುವುದಿಲ್ಲ. ಹಾಡು ಕೇಳಬಹುದೆಂದು ನಂಬಿ ಆ ಚಪ್ಪರಕ್ಕೆ ಬಂದವರು ಅವರು ಮಾತ್ರವೇ ಅಲ್ಲ. ಮದುವೆ ಗಂಡು ನಾನೂ ಅದಕ್ಕೇ ಬಂದಿದ್ದೆ.

ನನ್ನ ಕಸುಬಿಗೆ ಈಗ ಗ್ರಾಫಿಕ್ ಡಿಸೈನ್ ಅನ್ನುತ್ತಾರೆ. ಎಂಬತ್ತರ ದಶಕದಲ್ಲಿ ನನ್ನನ್ನು ಕರೆಯುತ್ತಿದ್ದದ್ದು ಪೇಂಟರ್ ಎಂದು. ಮನೆತನ ಒಕ್ಕಲುತನದ್ದು, ಅಣ್ಣ ಕಬ್ಬು ನೋಡಿಕೊಳ್ಳುತ್ತಿದ್ದ. ನಾನು ಚಿಕ್ಕೋಡಿಯಲ್ಲಿ ಮುಂದೆ ಅಂಗಡಿ, ಹಿಂದೆ ಮನೆ ಇರುವ ಒಂದು ಜಾಗ ಹಿಡಿದು ಕೂತಿದ್ದೆ. ನಿಪ್ಪಾಣಿಯ ಬೀಡಿ ಲೇಬಲ್ಲು, ರಾಯಬಾಗದ ಕಡೆಯ ಗೊಬ್ಬರ ಮತ್ತು ಪಂಪಿನ ಗೋಡೆ ಜಾಹೀರಾತು, ಎಲ್ಲ ಕಡೆಯ ಲಗ್ನದ ಕಾರ್ಡು. ಅಕ್ಷರ ಬರೆಯುವಾಗ ಟೇಪ್ ರೆಕಾರ್ಡರಿನಲ್ಲಿ ಹಾಡು ಇರಲೇಬೇಕು, ಇಲ್ಲದಿದ್ದರೆ ಕೈ ಓಡುತ್ತಿರಲಿಲ್ಲ. ತೀರ ನಿಧಾನದ ವಿಲಂಬಿತ ಖ್ಯಾಲು ಹಚ್ಚಿದ ದಿನ ಒಂದು ದೊಡ್ಡ ಅಕ್ಷರದ ಹೊಟ್ಟೆ ತುಂಬುವಷ್ಟರಲ್ಲಿ ಮಧ್ಯಾಹ್ನ. ನಿಪ್ಪಾಣಿಯ ಗಿರಾಕಿಯೊಬ್ಬರು ಮೂರು ಸಲ ಬಂದು ಹೋಗಿ ಬೇಸತ್ತು, "ಸ್ವಲ್ಪ ಜೋರಿಂದು ಹಚ್ರಿ ಮಾರಾಯ್ರ, ಲಗೂ ಮುಗಿಲಿ" ಎಂದಿದ್ದರು.

ನನಗೆ ಹಾಡಲು ಬರುವುದಿಲ್ಲ. ಅದೇ ನನ್ನ ಮೊದಲ ಸಂಕಟ. ಶಾಲೆ ಬಿಟ್ಟ ಹೊಸದರಲ್ಲಿ ನಮ್ಮೂರಿನ ಹಾರ್ಮೋನಿಯಂ ಮಾಸ್ತರರ ಹತ್ತಿರ ಹೋಗಿ ಒಂದು ವರ್ಷ ಸಾ ಹಿಡಿದೆ. ಒಂದು ದಿನ ಅವರು ಪೆಟ್ಟಿಗೆಯ ಭಾತೆಯಿಂದ ಗಾಳಿ ಒತ್ತುವುದನ್ನು ನಿಲ್ಲಿಸಿ, "ತಮ್ಮಾ, ನಿನಗ ಕಿವಿ ಐತಿ, ಗಂಟಲಿಲ್ಲ. ಕೇಳ್ಕೋತ ಇರು" ಎಂದರು. ಕಿವಿ ಇದ್ದು ಗಂಟಲಿಲ್ಲದವನ ಕಷ್ಟ ಎರಡೂ ಇಲ್ಲದವರಿಗೆ ತಿಳಿಯುವುದಿಲ್ಲ. ತಪ್ಪಿದ್ದು ತಕ್ಷಣ ಗೊತ್ತಾಗುತ್ತದೆ, ಸರಿ ಮಾಡಲು ಆಗುವುದಿಲ್ಲ. ನಾನು ಅಂದೇ ನಿರ್ಧರಿಸಿದೆ: ನನ್ನ ಮನೆಯಲ್ಲಿ ಹಾಡುವವರು ಬೇಕು. ನನಗೆ ಬಾರದಿದ್ದರೆ ಹೆಂಡತಿಗೆ ಬರಲಿ.

ಹಾಗೆಂದು ಕನ್ಯಾ ನೋಡಲು ಹೋದಲ್ಲೆಲ್ಲ ಹಾಡು ಕೇಳಿದೆ. ನಮ್ಮ ಕಡೆ ಅದೊಂದು ಪದ್ಧತಿಯೂ ಹೌದು. ಗಂಡಿನ ಕಡೆಯವರು ಬಂದು ಕೂತ ಮೇಲೆ ಹುಡುಗಿ ಬಂದು ಮಣೆಯ ಮೇಲೆ ಕೂರಬೇಕು. ಹೆಸರು ಹೇಳಬೇಕು, ಎಷ್ಟನೇ ಇಯತ್ತೆಯವರೆಗೆ ಕಲಿತದ್ದು ಎಂದು ಹೇಳಬೇಕು, ನಾಲ್ಕು ಹೆಜ್ಜೆ ನಡೆದು ತೋರಿಸಬೇಕು, ಕೊನೆಗೆ ಒಂದು ಹಾಡು ಹಾಡಬೇಕು. ಬೇರೆಯವರು ಹುಡುಗಿ ಮೂಕಿಯಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಕೇಳುತ್ತಿದ್ದರು. ನಾನು ಶ್ರುತಿ ಕೇಳುತ್ತಿದ್ದೆ. ಒಬ್ಬಳದು ಏರು, ಒಬ್ಬಳದು ಇಳಿ, ಒಬ್ಬಳು ಶಾಲೆಯ ಪ್ರಾರ್ಥನೆಯನ್ನು ಓಡುತ್ತ ಮುಗಿಸಿದಳು. ಪ್ರತಿ ಸಲವೂ ನಾನು ಬೇಡ ಅನ್ನುವುದು, ಜೊತೆಗೆ ಬಂದ ಕಾಕಾ ತಿರುಗಿ ಬರುವಾಗ ಬಸ್ಸಿನಲ್ಲಿ ಬಯ್ಯುವುದು. "ನಿನಗ ಹೇಂತಿ ಬೇಕೋ, ರೇಡಿಯೊ ಬೇಕೋ?"

ಆಮೇಲೆ ಅಥಣಿಗೆ ಹೋದೆವು. ಹುಡುಗಿ ಎತ್ತರವಾಗಿದ್ದಳು, ತಲೆ ತಗ್ಗಿಸಿರಲಿಲ್ಲ, ಎದುರಿನ ಗೋಡೆಯ ಗಡಿಯಾರ ನೋಡುತ್ತ ಕೂತಿದ್ದಳು. ಕಾಕಾ ಕೇಳುವುದನ್ನು ಕೇಳಿದ. ನಾನು ಹಾಡು ಬರುತ್ತದೆಯೇ ಎಂದೆ. ಅವಳು ಗಡಿಯಾರ ನೋಡುತ್ತಲೇ ಒಂದು ಭಜನೆಯ ಪದ ಎತ್ತಿಕೊಂಡಳು. ಭೀಮಪಲಾಸಿಯ ನೆರಳಿದ್ದ ಧಾಟಿ. ಮೊದಲ ಸಾಲು ಸರಿ, ಶ್ರುತಿಯೂ ಸರಿ. ಅಷ್ಟರಲ್ಲಿ ನಾನು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟಿದ್ದೆ. ಎರಡನೇ ಸಾಲು. ಧಾಟಿ ಕೆಳಗಿಳಿಯಬೇಕಾದ ಜಾಗದಲ್ಲಿ ಅವಳು ಇಳಿಯಲಿಲ್ಲ. ಮೇಲೆಯೇ ಒಂದು ಗಳಿಗೆ ನಿಂತಳು, ಹೊಸ್ತಿಲ ಮೇಲೆ ನಿಂತು ಹಿಂತಿರುಗಿ ನೋಡಿದ ಹಾಗೆ, ಆಮೇಲೆ ಇಳಿದಳು. ನನ್ನ ಮೈಮೇಲೆ ಮುಳ್ಳೆದ್ದವು. ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಹೇಳುವುದು ರೂಢಿ. ನಾನು ಅಲ್ಲೇ, ಉಪ್ಪಿಟ್ಟು ಮುಗಿಯುವ ಮೊದಲೇ, ಆಗಲಿ ಎಂದುಬಿಟ್ಟೆ. ಕಾಕಾನಿಗೆ ಕೆಮ್ಮು ಹತ್ತಿತು.

ಮದುವೆಯಾಯಿತು. ಗಾಯನ ಕೇಳಲು ಬಂದ ಕಾಗವಾಡದವರು ಮುಖ ಸಣ್ಣದು ಮಾಡಿಕೊಂಡು ಟೆಂಪೊ ಹತ್ತಿದರು. ನನಗೆ ಒಳಗೊಳಗೇ ಖುಷಿ: ನಿಮಗೆ ಸಿಗದ ಗಾಯನ ನನ್ನ ಮನೆಯೊಳಗೆ ಬಂದಿದೆ.

"ಆ ಹಾಡು ಒಂದ್ಸಲ ಹಾಡು" ಎಂದು ಮೊದಲ ವಾರವೇ ಕೇಳಿದೆ. "ಒಲಿ ಮ್ಯಾಲ ಹಾಲೈತ್ರಿ" ಎಂದಳು. ಇನ್ನೊಂದು ದಿನ ಅವ್ವ ಮಲಗಿದ್ದಾರೆ, ಇನ್ನೊಂದು ದಿನ ನೆಗಡಿ. ಹಬ್ಬಕ್ಕೆ ಕೇಳಿದೆ, ಪಂಚಮಿಗೆ ತವರಿಗೆ ಹೋಗುವ ಮುಂಚೆ ಕೇಳಿದೆ, ಬಂದ ಮೇಲೆ ಕೇಳಿದೆ. ಶ್ರುತಿ ಇಲ್ಲದೆ ಹಾಡಲು ಸಂಕೋಚವೇನೋ ಎಂದು ಕೊಲ್ಹಾಪುರಕ್ಕೆ ಹೋಗಿ ಹಾರ್ಮೋನಿಯಂ ತಂದೆ. ಅದನ್ನು ಒರೆಸಿ ಚೊಕ್ಕ ಇಟ್ಟಳು. ಸ್ವಲ್ಪ ದಿನಕ್ಕೆ ಅದರ ಮೇಲೆ ಒಗೆದ ಬಟ್ಟೆ ಮಡಚಿಡತೊಡಗಿದಳು.

ಒಂದು ಸಂಜೆ ನಾನು ಬಿಡಲಿಲ್ಲ. ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು ನೇರವಾಗಿ ಹೇಳಿದಳು.

"ಅದು ಹಾಡಲ್ರಿ. ಕನ್ಯಾ ತೋರಸಾಕಂತ ಕಲ್ತದ್ದು. ತೋರ್ಸೂದು ಮುಗೀತಲ್ಲ?"

"ಹಂಗಾರ ಬ್ಯಾರೆ ಯಾವುದರೆ ಹಾಡು."

"ಬ್ಯಾರೆ ಬರೂದಿಲ್ಲ."

ಅವರ ಓಣಿಯಲ್ಲಿ ಒಬ್ಬ ಮಾಸ್ತರರಿದ್ದರಂತೆ. ಲಗ್ನಕ್ಕೆ ಬಂದ ಹುಡುಗಿಯರಿಗೆ ಒಬ್ಬೊಬ್ಬರಿಗೆ ಒಂದೊಂದೇ ಹಾಡು ಕಲಿಸುತ್ತಿದ್ದರಂತೆ, ಅದನ್ನೇ ತಿದ್ದಿ ತೀಡಿ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುವ ಹಾಗೆ. ಎರಡನೇ ಸಾಲಿನಲ್ಲಿ ಎಲ್ಲಿ ನಿಲ್ಲಬೇಕು ಎನ್ನುವುದೂ ಅವರು ಹೇಳಿಕೊಟ್ಟದ್ದೇ. ನಾನು ಮನೆಗೆ ಹಾಡುವವಳನ್ನು ತಂದಿದ್ದೇನೆಂದು ತಿಳಿದಿದ್ದೆ. ತಂದದ್ದು ಒಂದು ಹಾಡು ಬರುವವಳನ್ನು, ಅದೂ ಹಾಡದವಳನ್ನು. ನನಗೆ ಎಷ್ಟು ಸಿಟ್ಟು ಬಂತೆಂದರೆ ಎರಡು ದಿನ ಅಂಗಡಿಯಲ್ಲಿ ಟೇಪನ್ನು ಎಷ್ಟು ಜೋರಾಗಿ ಹಚ್ಚಬಹುದೋ ಅಷ್ಟು ಜೋರಾಗಿ ಹಚ್ಚಿದೆ.

ಅವಳಿಗೆ ಸಂಗೀತ ಬೇಕಾಗಿಯೇ ಇರಲಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ವರ್ಷಗಳು ಹಿಡಿದವು. ಅಂಗಡಿಯ ಕೆಲಸದಲ್ಲಿ ಅವಳಷ್ಟು ಚುರುಕಾದವರನ್ನು ನಾನು ಕಂಡಿಲ್ಲ. ಸ್ಕ್ರೀನ್ ತೊಳೆಯುವುದು, ಮುದ್ರಿಸಿದ ಕಾರ್ಡನ್ನು ಒಂದಕ್ಕೊಂದು ತಾಗದಂತೆ ಒಣಗಲು ಹರಡುವುದು, ಕನ್ನಡ ಮರಾಠಿ ಎರಡರ ಪ್ರೂಫೂ ಓದುವುದು, ಎಲ್ಲ ಅವಳೇ. ಆದರೆ ನಾನು ಗಿರಾಕಿಯ ಊರಿಗೆಂದು ಬಸ್ಸು ಹತ್ತಿದರೆ ಸಾಕು, ಟೇಪ್ ಬಂದ್. ತಿರುಗಿ ಬಂದಾಗ ಅಂಗಡಿ ಸ್ಮಶಾನದಷ್ಟು ಶಾಂತ, ಅವಳ ಮುಖದಲ್ಲಿ ಒಂದು ಸುಖ. "ತಲಿ ಹಗುರ ಆಕ್ಕೈತ್ರಿ" ಎನ್ನುತ್ತಿದ್ದಳು. ನನ್ನ ಪ್ರಾಣವಾಗಿದ್ದದ್ದು ಅವಳಿಗೆ ತಲೆಭಾರ. ಇಬ್ಬರೂ ಒಂದೇ ಮೇಜಿನ ಎರಡು ಕಡೆ ಕೂತು ಒಂದೇ ಕಾರ್ಡಿನ ಕೆಲಸ ಮಾಡುತ್ತಿದ್ದೆವು.

ಆ ಹೊತ್ತಿಗೆ ಕ್ಯಾಸೆಟ್ಟುಗಳ ಕಾಲ ಬಂದಿತ್ತು. ಕಬ್ಬೂರಿನ ಭಜನಾ ಮಂಡಳಿಯೊಂದು ತಮ್ಮ ಪದಗಳನ್ನು ಕೊಲ್ಹಾಪುರದಲ್ಲಿ ರೆಕಾರ್ಡ್ ಮಾಡಿಸಿ, ಕವರ್ ಬರೆಯಲು ನನಗೆ ಹೇಳಿತು. ಅದರ ಕೆಲಸ ಮುಗಿದ ಮೇಲೆ ಬಣ್ಣ ಉಳಿದಿತ್ತು, ಕೈಯೂ ಬಿಸಿಯಾಗಿತ್ತು. ನಾನು ಇನ್ನೊಂದು ಕವರ್ ಬರೆದೆ, ಯಾರೂ ಹೇಳದೆ. ಸಂಜೆಯ ಬಣ್ಣದ ಹಿನ್ನೆಲೆ. ಮಣೆಯ ಮೇಲೆ ಬೆನ್ನು ತಿರುಗಿಸಿ ಕೂತ ಎತ್ತರದ ಹುಡುಗಿ. ಗೋಡೆಯ ಮೇಲೆ ಗಡಿಯಾರ. ಹಾಡಿನ ಮೊದಲ ಮಾತನ್ನೇ ಹೆಸರಾಗಿ, ಒಂದೇ ಎಳೆಯಲ್ಲಿ, ಕುಂಚ ಎತ್ತದೆ ಬರೆದೆ. ನನ್ನ ಜೀವಮಾನದಲ್ಲಿ ಅದಕ್ಕಿಂತ ಚೆಂದದ ಕವರ್ ನಾನು ಬರೆದಿಲ್ಲ. ಒಂದು ಖಾಲಿ ಕ್ಯಾಸೆಟ್ಟಿಗೆ ಅದನ್ನು ಹಾಕಿ ಅಂಗಡಿಯ ಗಾಜಿನ ಕಪಾಟಿನಲ್ಲಿ ನಡುವೆ ಇಟ್ಟೆ. ಅವಳು ನೋಡಲಿ, ನೋಡಿ ನಾಚಿಯಾದರೂ ಹಾಡಲಿ ಎಂದು ನನ್ನ ಆಸೆ.

ಅವಳು ನೋಡಿದಳು. "ಗಡಿಯಾರದಾಗ ಟೈಮ್ ತಪ್ಪೇತಿ. ಅವತ್ತ ನೀವು ನಾಕಕ್ಕ ಬಂದಿದ್ರಿ" ಎಂದಳು, ಅಷ್ಟೇ.

ಬಂದ ಗಿರಾಕಿಗಳೆಲ್ಲ ಆ ಕ್ಯಾಸೆಟ್ಟನ್ನು ಕೇಳತೊಡಗಿದರು. "ಇದು ಎಲ್ಲಿ ಸಿಗ್ತೈತ್ರಿ? ಯಾರ್ ಹಾಡ್ಯಾರ?" ನಾನು, "ಇನ್ನಾ ಬಂದಿಲ್ರಿ, ಬರೂದೈತಿ" ಎನ್ನುತ್ತಿದ್ದೆ. ಹೇಳುವಾಗ ಒಳಗೆ ಕೇಳಿಸುವ ಹಾಗೆ ಹೇಳುತ್ತಿದ್ದೆ. ಒಳಗಿಂದ ರೊಟ್ಟಿ ಬಡಿಯುವ ಸದ್ದು ಒಂದು ತಾಳವೂ ತಪ್ಪದೆ ಬರುತ್ತಿತ್ತು. ಅದರಲ್ಲಿ ಲಯ ಇತ್ತು, ಅದು ಇನ್ನೂ ಹೊಟ್ಟೆ ಉರಿಸುತ್ತಿತ್ತು.

ಇದೆಲ್ಲ ಸಹಿಸಬಹುದಾಗಿತ್ತು. ಒಂದೇ ಸಲವಾದರೂ ನನಗೆಂದು ಹಾಡಿದ್ದಾಳಲ್ಲ ಎಂಬ ಸಮಾಧಾನವಿತ್ತು. ಅದನ್ನೂ ಕಾಗವಾಡದ ಒಬ್ಬ ದ್ರಾಕ್ಷಿ ಬೆಳೆಗಾರ ಹಾಳು ಮಾಡಿದ.

ಅವನು ತಮ್ಮನ ಲಗ್ನದ ಕಾರ್ಡು ಮಾಡಿಸಲು ಬಂದಿದ್ದ, ನಮ್ಮ ಪೈಕಿಯವನೇ. ಅವಳು ಚಹಾ ತಂದಿಟ್ಟು ಒಳಗೆ ಹೋದಳು. ಅವನು ಬಾಗಿಲ ಕಡೆಯೇ ನೋಡುತ್ತ, "ನಿಮ್ಮ ಮನಿಯವ್ರು ಅಥಣಿಯವ್ರೇನ್ರಿ?" ಎಂದ. ಹೌದೆಂದೆ. ಅವನ ಮುಖ ಅರಳಿತು.

"ನಾವ್ ನೋಡಾಕ ಹೋಗಿದ್ವಿರಿ, ನನಗಂತನ. ಏನ್ ಹಾಡ್ತಾರ್ರೀ ಅವ್ರು! ಎರಡನೇ ಸಾಲಿನ್ಯಾಗ ಹಿಂಗ ಮ್ಯಾಲ ಹೋಗಿ ನಿಂತಬಿಡ್ತಾರಲ್ಲ" ಎಂದು ಕೈಯನ್ನು ಮೇಲೆತ್ತಿ ಗಾಳಿಯಲ್ಲಿ ನಿಲ್ಲಿಸಿ ತೋರಿಸಿದ. ನನ್ನ ಜಾಗ ಅದು. ನಾನು ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಅವನು ಚಹಾದ ಬಸಿ ಹಿಡಿದ ಕೈಯಲ್ಲಿ ತೋರಿಸುತ್ತಿದ್ದ. "ಆದ್ರ ಎತ್ತರ ಹೆಚ್ಚಾತಂತ ನಮ್ಮವ್ವ ಬ್ಯಾಡಂದ್ಲು" ಎಂದು ಚಹಾ ಮುಗಿಸಿ, ಕಾರ್ಡಿಗೆ ಬಂಗಾರದ ಬಣ್ಣ ಹಾಕಿದರೆ ಹೇಗೆ ಎಂದು ಕೇಳಿದ. ನಾನು ಹಸಿರು ಹಾಕಿಕೊಟ್ಟೆ.

ಕೆಲವು ತಿಂಗಳ ಮೇಲೆ ರಾಯಬಾಗದ ಹತ್ತಿರ ಒಂದು ತೋಟದ ಮನೆಯ ಗೋಡೆಯ ಮೇಲೆ ಪಂಪಿನ ಜಾಹೀರಾತು ಬರೆಯುತ್ತಿದ್ದೆ. ಆ ಮನೆಯ ಮುದುಕಿ ಕೆಳಗೆ ಕೂತು ಊರು, ಬೀಗತನ ವಿಚಾರಿಸುತ್ತ ಬಂದಳು. ಅಥಣಿಯ ಮನೆತನದ ಹೆಸರು ಹೇಳುತ್ತಿದ್ದಂತೆ ತೊಡೆ ಬಡಿದಳು. "ಏ, ಹಾಡಾಕಿ ಅಲ್ಲೇನೋ? ನಮ್ಮ ಹಿರೇ ಮಗಗ ನೋಡಾಕ ಹೋಗಿದ್ವಿ. ಹಾಡು ಬೆಲ್ಲ ಇದ್ದಂಗ ಇತ್ತಪಾ. ಉಪ್ಪಿಟ್ಟಿಗೆ ಉಪ್ಪ ಇರಲಿಲ್ಲ. ಅದಕ್ಕ ಬಿಟ್ವಿ." ನಾನು ನಿಚ್ಚಣಿಕೆಯ ಮೇಲೆ ನಿಂತು ಕೇಳಿದೆ. ಆ ದಿನ ಪಂಪಿನ ನೀರು ಬೀಳುವ ಬಾಯಿಯನ್ನು ಆಕಾಶದ ಕಡೆ ತಿರುಗಿಸಿ ಬರೆದುಬಿಟ್ಟಿದ್ದೆ. ಮರುದಿನ ಮತ್ತೆ ಹೋಗಿ ಸುಣ್ಣ ಬಳಿದು ತಿದ್ದಬೇಕಾಯಿತು.

ಐದೂರು ತಿರುಗುವ ಕಸುಬು ನನ್ನದು, ಲಗ್ನದ ಮನೆಗಳಿಗೇ ಹೋಗುವ ಕಸುಬು. ಅವಳ ಹಾಡು ನನಗಿಂತ ಮೊದಲೇ ಆ ಊರುಗಳನ್ನೆಲ್ಲ ತಿರುಗಿ ಬಂದಿತ್ತು. ಎಲ್ಲರೂ ಕೇಳಿದ್ದರು, ಎಲ್ಲರೂ ಹೊಗಳುತ್ತಿದ್ದರು. ಕಟ್ಟಿಕೊಂಡವನು ನಾನು, ಕಪಾಟಿನಲ್ಲಿ ಖಾಲಿ ಕ್ಯಾಸೆಟ್ ಇಟ್ಟುಕೊಂಡು ಕೂತಿದ್ದೆ.

ರಾಯಬಾಗದಿಂದ ಬಂದವನೇ ಕುಂಚದ ಡಬ್ಬಿ ಇಳಿಸುವ ಮೊದಲೇ ಕೇಳಿದೆ. "ಎಷ್ಟ ಮಂದಿ ಮುಂದ ಹಾಡೀದಿ ನೀ?"

ಅವಳು ಕಾರ್ಡಿನ ಕಟ್ಟು ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ. "ಎಣಸಿಲ್ರಿ. ನೀವು ಎಷ್ಟ ಕನ್ಯಾದ ಮುಂದ ಕೂತು ಹಾಡ ಅಂದೀರಿ, ಎಣಸೀರೇನು?"

"ಅದು ಬ್ಯಾರೆ. ನಾ ಸಂಗೀತ ತಿಳಿದಾಂವ" ಎಂದೆ.

"ತಿಳಿದವ್ರು ತಟ್ಟಿ ಕೆಳಗಿಟ್ಟು ಕೇಳ್ತಾರ, ತಿಳೀಲಾರದವ್ರು ತಿನ್ಕೋತ ಕೇಳ್ತಾರ. ಹಾಡಾಕಿಗೆ ಅದೂ ಒಂದ, ಇದೂ ಒಂದ" ಎಂದು ದಾರವನ್ನು ಹಲ್ಲಿನಿಂದ ಕಡಿದಳು.

ತೊಂಬತ್ತರ ದಶಕ ಅರ್ಧ ದಾಟುವಷ್ಟರಲ್ಲಿ ಊರಿಗೆ ಕಂಪ್ಯೂಟರ್ ಬಂತು. ನಾನೂ ಕೊಂಡೆ, ಕೊಳ್ಳದೆ ಗತಿಯಿರಲಿಲ್ಲ. ಗಿರಾಕಿಗಳು ಪರದೆ ಮೇಲೆ ಬೆರಳಿಟ್ಟು "ಈ ಅಕ್ಷರ, ಆ ಗಣಪತಿ" ಎಂದು ಆರಿಸಿ ಹೋಗತೊಡಗಿದರು. ಅವಳು ಕೀಲಿಮಣೆ ಬೇಗ ಕಲಿತಳು. ನನಗೆ ಮೌಸ್ ಅನ್ನುವ ಆ ಇಲಿ ಹಿಡಿದು ಹಾಡು ಕೇಳಲು ಬರಲಿಲ್ಲ. ಕುಂಚಕ್ಕೆ ಲಯ ಇತ್ತು, ಅದಕ್ಕೆ ಬರೀ ಟಿಕ್ ಟಿಕ್. ಟೇಪ್ ಹಚ್ಚುವುದು ತಾನಾಗಿಯೇ ಕಡಿಮೆಯಾಯಿತು. ಅವಳಿಗೆ ಬೇಕಾದ ಶಾಂತಿ ನನ್ನನ್ನು ಕೇಳದೆ ಅಂಗಡಿಯೊಳಗೆ ಬಂದು ಕೂತಿತು, ಮೂಲೆಯಲ್ಲಿ ಕಂಪ್ಯೂಟರಿನ ಫ್ಯಾನು ಮಾತ್ರ ಬೇಸೂರಾಗಿ ಗುಂಯ್ ಅನ್ನುತ್ತಿತ್ತು.

ಆಗ ಒಂದು ದಿನ ಅಥಣಿಯಿಂದ ಅವಳ ಅಕ್ಕ ಬಂದಳು. ಮಗಳು ಲಗ್ನಕ್ಕೆ ಬಂದಿದ್ದಾಳೆ, ಬರುವ ವಾರ ರಾಯಬಾಗದ ಕಡೆಯವರು ನೋಡಲು ಬರುತ್ತಾರೆ. ಓಣಿಯ ಮಾಸ್ತರರು ತೀರಿಹೋಗಿ ಬಹಳ ದಿನವಾಗಿತ್ತು. "ನಿನ್ನ ಹಾಡ ಆಕಿಗೆ ಕಲಸವಾ. ನಾಕ ದಿನ ಬಂದ ಇರು" ಎಂದಳು.

ನಾನು ಕಂಪ್ಯೂಟರಿನ ಮುಂದೆ ಕೂತು ಕೆಲಸ ಮಾಡುವವನ ಹಾಗೆ ನಟಿಸುತ್ತಿದ್ದೆ. ಕಲಿಸಬೇಕಾದರೆ ಹಾಡಲೇಬೇಕಲ್ಲ. ಒಂದು ಸಲ ಅಲ್ಲ, ಹತ್ತು ಸಲ ಹಾಡಬೇಕು. ಎರಡನೇ ಸಾಲನ್ನಂತೂ ತಿರುಗಿಸಿ ತಿರುಗಿಸಿ ಹಾಡಬೇಕು. ಹೆಂಡತಿ, "ಬರ್ತೇನಿ" ಎಂದಳು. ನಾನು ಅಂಗಡಿಗೆ ಬೀಗ ಹಾಕಿ ಜೊತೆಗೆ ಹೊರಟೆ. ಗಾಜಿನ ಕಪಾಟಿನಿಂದ ಆ ಕ್ಯಾಸೆಟ್ ತೆಗೆದು, ಟೇಪ್ ರೆಕಾರ್ಡರಿನ ಜೊತೆ ಚೀಲಕ್ಕೆ ಹಾಕಿಕೊಂಡೆ. ಚೀಲದ ಭಾರ ನೋಡಿ ಅವಳು ತನ್ನ ಗಂಟನ್ನು ತಾನೇ ಎತ್ತಿಕೊಂಡಳು.

ಅಥಣಿಯಲ್ಲಿ ಮೊದಲ ದಿನ ಅವಳು ಹುಡುಗಿಯ ತಲೆಗೆ ಎಣ್ಣೆ ಹಚ್ಚಿದಳು. ಎರಡನೇ ದಿನ ಸೀರೆಯ ನೆರಿಗೆ ಹಿಡಿಯುವುದನ್ನು ಕಲಿಸಿದಳು, ಉಪ್ಪಿಟ್ಟಿಗೆ ಎಷ್ಟು ಉಪ್ಪು ಎಂದು ಕಲಿಸಿದಳು. ನಾನು ಪಡಸಾಲೆಯಲ್ಲಿ ರೆಕಾರ್ಡರಿನ ಗುಂಡಿಯ ಮೇಲೆ ಬೆರಳಿಟ್ಟು ಕೂತಿದ್ದೆ. ಅಕ್ಕ ಕೇಳಿದಾಗಲೆಲ್ಲ "ನಾಳಿಗೆ ಕಲಸ್ತೇನಿ, ಏನ್ ಅವಸರ?" ಎನ್ನುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. "ಯಾವಾಗ ಸುರು ಮಾಡ್ತಿ?" ಎಂದು ಕೇಳಿಯೇಬಿಟ್ಟೆ. ಕೇಳಿದ ಮೇಲೆ ನನ್ನ ಮಾತು ನನಗೇ ಎಲ್ಲೋ ಕೇಳಿದ ಹಾಗಿತ್ತು. ಮದುವೆಯ ಚಪ್ಪರದಲ್ಲಿ ಕಾಗವಾಡದ ಹಿರಿಯರು ಕೇಳಿದ್ದ ಮಾತು.

ನೋಡುವ ದಿನ ಬಂದೇ ಬಂತು, ಹಾಡು ಕಲಿಸಿರಲಿಲ್ಲ.

ರಾಯಬಾಗದವರು ಬಂದರು. ಹುಡುಗ, ಅವನ ಅಪ್ಪ, ಇಬ್ಬರು ಹಿರಿಯರು. ಜಮಖಾನೆಯ ಮೇಲೆ ಕೂತರು. ನಾನು ಹೆಣ್ಣಿನ ಕಡೆಯವನಾಗಿ ಎದುರಿಗೆ ಕೂತೆ. ಹುಡುಗಿ ಬಂದು ಮಣೆಯ ಮೇಲೆ ಕೂತಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಕಡೆಗೆ ಹಿರಿಯರೊಬ್ಬರು ಉಪ್ಪಿಟ್ಟು ಅಗಿಯುತ್ತ, "ಒಂದ್ ಹಾಡ ಹಾಡವಾ" ಎಂದರು. ಹುಡುಗಿಯ ಕುತ್ತಿಗೆ ಕೆಂಪಾಯಿತು. ಅಕ್ಕ ಬಾಗಿಲ ಹಿಂದಿನಿಂದ ನನ್ನ ಹೆಂಡತಿಯನ್ನು ಕಣ್ಣಿನಿಂದಲೇ ತಿನ್ನುತ್ತಿದ್ದಳು.

ನನ್ನ ಹೆಂಡತಿ ಚಹಾದ ತಾಟು ಹಿಡಿದು ಹೊರಗೆ ಬಂದಳು. ಒಬ್ಬೊಬ್ಬರಿಗೂ ಕಪ್ಪು ಕೊಟ್ಟಳು. ಎಲ್ಲರಿಗೂ ಕೊಟ್ಟಾದ ಮೇಲೆ ಸೆರಗು ಸರಿ ಮಾಡಿಕೊಂಡು ಹೇಳಿದಳು.

"ಆಕಿಗೆ ಹಾಡ ಬರೂದಿಲ್ರಿ. ನಮ್ಮನ್ಯಾಗ ಹಾಡಿನ ಹುಚ್ಚ ಇರೂದು ಇವ್ರಿಗೆ." ತಾಟಿನಿಂದ ನನ್ನ ಕಡೆ ತೋರಿಸಿದಳು. "ಹಾಡ ಬೇಕಂದ್ರ ಇವ್ರು ಹಾಡ್ತಾರ."

ಗಂಡಿನ ಕಡೆಯವರು ನಕ್ಕರು. ಹುಡುಗನೂ ನಕ್ಕ. "ಆಗಲಿ ಹಾಡ್ರಿ ಸಾಹೇಬ್ರ, ಒಟ್ಟ ಹಾಡ ಕೇಳೂದೈತಿ" ಎಂದರು ಹಿರಿಯರು. ಬೀಗರಾಗಲು ಬಂದವರು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಎನ್ನುವ ರೂಢಿ ನಮ್ಮಲ್ಲಿಲ್ಲ. ನಾನು ಅವಳ ಮುಖ ನೋಡಿದೆ. ಅವಳು ಗೋಡೆಯ ಗಡಿಯಾರ ನೋಡುತ್ತಿದ್ದಳು.

ನನಗೆ ಖ್ಯಾಲಿನ ಎಷ್ಟೋ ಚೀಜುಗಳು ಗೊತ್ತು, ಎಷ್ಟೋ ಭಜನೆಗಳು ಗೊತ್ತು. ಬಾಯಿಗೆ ಬಂದದ್ದು ಅದೇ. ಅವಳದೇ. ಶ್ರುತಿ ಎಲ್ಲಿ ಹಿಡಿದೆನೋ ದೇವರಿಗೆ ಗೊತ್ತು, ಮೊದಲ ಸಾಲಿಗೇ ಗಂಟಲು ಒಡೆಯಿತು. ನನ್ನ ಕಿವಿ ನನ್ನನ್ನೇ ಬಯ್ಯುತ್ತಿತ್ತು. ಎದುರಿಗೆ ಹುಡುಗನ ಅಪ್ಪ ನನ್ನ ಹಲ್ಲು ನೋಡುತ್ತಿದ್ದ. ಒಬ್ಬ ಹಿರಿಯರು ನನ್ನ ಕಾಲಿನ ಬಣ್ಣದ ಕಲೆ ನೋಡುತ್ತಿದ್ದರು. ಇನ್ನೊಬ್ಬರು ಚಹಾ ಸೊರ್ ಎಂದು ಕುಡಿದು ಹೊರಗಿನ ಎತ್ತುಗಳ ಕಡೆ ನೋಡಿದರು. ಸಂತೆಯಲ್ಲಿ ನಿಲ್ಲಿಸಿದ ದನವನ್ನು ನೋಡುವ ಹಾಗೆ ಅವರು ನನ್ನನ್ನು ನೋಡುತ್ತಿದ್ದರು, ನಾನು ಹಾಡುತ್ತಲೇ ಇದ್ದೆ. ಎರಡನೇ ಸಾಲಿನಲ್ಲಿ ಮೇಲೆ ಹೋಗಿ ನಿಲ್ಲಲು ನೋಡಿದೆ. ನಿಲ್ಲಲಾಗಲಿಲ್ಲ, ಬಿದ್ದೆ.

"ಚಲೋ ಆತ್ರಿ" ಎಂದರು ಹಿರಿಯರು, ಬಾಯಿ ಒರೆಸಿಕೊಂಡು. "ಊರಿಗೆ ಹೋಗಿ ತಿಳಸ್ತೀವಿ."

ಅದು ಅವರು ಹುಡುಗಿಯ ಅಪ್ಪನಿಗೆ ಹೇಳಿದ್ದು. ನನಗೆ ಹೇಳಿದ ಹಾಗೆಯೇ ಕೇಳಿಸಿತು. ಆ ಸಂಬಂಧ ಆಮೇಲೆ ಕೂಡಿತು, ಕಾರ್ಡೂ ನಾವೇ ಮಾಡಿಕೊಟ್ಟೆವು, ಎರಡೂ ಭಾಷೆಯಲ್ಲಿ. ಆದರೆ ಆ ಗಳಿಗೆಯಲ್ಲಿ ನನ್ನ ಕಿವಿ ಸುಡುತ್ತಿತ್ತು. ಹುಡುಗಿ ಒಂದು ಮಾತೂ ಹಾಡದೆ ಮಣೆಯಿಂದ ಎದ್ದು ಒಳಗೆ ಹೋಗುವಾಗ ತನ್ನ ಚಿಗವ್ವನ, ನನ್ನ ಹೆಂಡತಿಯ, ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು.

ಸಂಜೆಯ ಬಸ್ಸಿಗೆ ಚಿಕ್ಕೋಡಿಗೆ ಹೊರಟೆವು. ಟೇಪ್ ರೆಕಾರ್ಡರಿನ ಚೀಲ ನನ್ನ ತೊಡೆಯ ಮೇಲಿತ್ತು, ಖಾಲಿ ಕ್ಯಾಸೆಟ್ಟಿನ ಜೊತೆಗೆ. ಊರು ದಾಟುವವರೆಗೆ ನಾನು ಸಿಟ್ಟಿನಲ್ಲಿ ಅದರ ಹಿಡಿಕೆ ತಿರುಚುತ್ತ ಕೂತಿದ್ದೆ. ಕಬ್ಬಿನ ಗಾಡಿಗಳು ಅಡ್ಡ ಬಂದು ಬಸ್ಸು ನಿಂತಾಗ ಅವಳೇ ಶುರು ಮಾಡಿದಳು.

"ಎರಡನೇ ಸಾಲು ಹಂಗಿಲ್ರಿ."

ನಾನು ತಿರುಗಿ ನೋಡಿದೆ. "ಗಂಟಲ ಕೈ ಕೊಡ್ತು. ಮ್ಯಾಲ ನಿಲ್ಲಾಕ ಆಗಲಿಲ್ಲ."

"ಗಂಟಲಿಂದಲ್ಲ. ಮ್ಯಾಲ ನಿಲ್ಲೂದು ಖರೆ, ಅಲ್ಲಿಗೆ ಹೋಗೂ ಧಾಟೀನ ಹಂಗಿಲ್ಲ. ನೀವು ಇಷ್ಟ ದಿನ ತಪ್ಪ ನೆನಪಿಟ್ಟೀರಿ."

ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ನಾನು ತಲೆಯೊಳಗೆ ತಿರುಗಿಸಿ ತಿರುಗಿಸಿ ಕೇಳಿದ ಸಾಲು. ಕವರ್ ಬರೆಯುವಾಗ ಅದನ್ನೇ ಕೇಳುತ್ತ ಕುಂಚ ಎಳೆದಿದ್ದೆ. ನನ್ನ ಕಿವಿಯ ಬಗ್ಗೆ ಹಾರ್ಮೋನಿಯಂ ಮಾಸ್ತರರು ಕೂಡ ಸಂಶಯಪಟ್ಟಿರಲಿಲ್ಲ.

"ಹಂಗಾರ ಹೆಂಗೈತಿ?" ಎಂದೆ. ಬೇಡಿಕೊಳ್ಳುವ ದನಿ ನನಗೇ ಕೇಳಿಸಿತು. "ಹಾಡೂದ ಬ್ಯಾಡ. ಬರೇ ಗುಣುಗುಟ್ಟು. ಯಾರಿಗೂ ಕೇಳೂದಿಲ್ಲ."

ಅವಳು ಕಿಟಕಿಯ ಕಡೆ ತಿರುಗಿದಳು. ಗಾಡಿಗಳು ದಾಟಿ, ಬಸ್ಸು ಹೊರಟು, ಗಾಳಿ ಬೀಸತೊಡಗಿದ ಮೇಲೆ ಹೇಳಿದಳು.

"ಇನ್ ಮ್ಯಾಲ ಅದನ್ನ ನೀವ ಹಾಡ್ಕೋರಿ. ತಪ್ಪಿದ್ರ ತಪ್ಪಲಿ. ನಿಮ್ಮನ್ನ ಯಾರೂ ಬ್ಯಾಡಂತ ಎದ್ದ ಹೋಗೂದಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಚೀಲವನ್ನು ನನ್ನ ತೊಡೆಯ ಮೇಲಿಂದ ತೆಗೆದು ಕೆಳಗೆ, ಇಬ್ಬರ ಕಾಲುಗಳ ನಡುವೆ ಇಟ್ಟುಕೊಂಡಳು. ಚಿಕ್ಕೋಡಿ ಬರುವವರೆಗೆ ನಿದ್ದೆ ಮಾಡಿದಳು. ಆ ಎರಡನೇ ಸಾಲು ಹೇಗಿದೆಯೆಂದು ನನಗೆ ಇವತ್ತಿಗೂ ಗೊತ್ತಿಲ್ಲ.